ಮಂಡಳಿ ಮುಚ್ಚುವ ಮಸೂದೆ ಬಂದರೆ ಯಾವ ಪುಟ ಓದಬೇಕು?

ನಮ್ಮ ಭಾಗದ ಕರೆಂಟ್ ಕಂಪನಿ ಜೆಸ್ಕಾಂನ ಬಿಲ್‌ನಲ್ಲಿ 2025ರ ಏಪ್ರಿಲ್‌ನಿಂದ ಒಂದು ಹೊಸ ಸಾಲು ಸೇರಿದೆ. ಪಿಂಚಣಿ ಮತ್ತು ಗ್ರಾಚುಟಿ ಹೆಸರಿನಲ್ಲಿ ಸರ್‌ಚಾರ್ಜ್, 2025-26ರಲ್ಲಿ ಯೂನಿಟ್‌ಗೆ 36 ಪೈಸೆ. ಗೃಹಜ್ಯೋತಿ ಇರುವ ಮನೆಯವರಿಗೆ ಇದು ಗೊತ್ತಾಗದೇ ಹೋಗಿರಬಹುದು. ಕಾರಟಗಿಯ ರೈಸ್ ಮಿಲ್‌ನವರಿಗೆ, ರಾಯಚೂರಿನ ಜಿನ್ನಿಂಗ್ ಮಿಲ್‌ನವರಿಗೆ ಚೆನ್ನಾಗಿಯೇ ಗೊತ್ತು.

ಈ 36 ಪೈಸೆಯ ಬೇರು 1999ರಲ್ಲಿದೆ. ಆ ವರ್ಷ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆ ಬಂತು. ಕೆಇಬಿ ಅನ್ನುವ ಮಂಡಳಿ ಹೋಗಿ ಕೆಪಿಟಿಸಿಎಲ್ ಅನ್ನುವ ಕಂಪನಿ ಬಂತು. 2002ರಲ್ಲಿ ವಿತರಣೆ ಕೆಲಸ ಬೇರೆಯಾಗಿ ನಮ್ಮ ಭಾಗಕ್ಕೆ ಜೆಸ್ಕಾಂ ಆಯಿತು. ಮಂಡಳಿಯ ನೌಕರರು ಹೊಸ ಕಂಪನಿಗಳಿಗೆ ಹೋದರು. ಅವರ ಪಿಂಚಣಿಯಲ್ಲಿ ಸರ್ಕಾರ ಹೊರಬೇಕಾದ ಒಂದು ಪಾಲು ಇತ್ತು. ಅದನ್ನು ಯಾರು ಕಟ್ಟಬೇಕು ಎಂಬ ತಕರಾರು ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಗ್ರಾಹಕರ ಬಿಲ್‌ಗೆ ಬಂದು ಕೂತಿದೆ. ಮಂಡಳಿ ಮುಚ್ಚಿ 25 ವರ್ಷ ಕಳೆದ ಮೇಲೂ ಅದರ ಬಾಕಿ ತೀರಿಲ್ಲ.

ಈಗ ರಾಜ್ಯದಲ್ಲಿ ಮತ್ತೆ ಅದೇ ಮಾತು ಎದ್ದಿದೆ. ನಿಗಮ, ಮಂಡಳಿ, ಪ್ರಾಧಿಕಾರ, ಆಯೋಗ ಜಾಸ್ತಿಯಾಗಿವೆ, ಕೆಲಸವಿಲ್ಲದವನ್ನು ಮುಚ್ಚಬೇಕು, ಒಂದೇ ಬಗೆಯವನ್ನು ಸೇರಿಸಬೇಕು ಅಂತ. 2021ರಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಟಿ.ಎಂ. ವಿಜಯಭಾಸ್ಕರ್ ನೇತೃತ್ವದಲ್ಲಿ ಶುರುವಾದ ಎರಡನೇ ಆಡಳಿತ ಸುಧಾರಣಾ ಆಯೋಗವನ್ನು ಆಮೇಲೆ ಆರ್.ವಿ. ದೇಶಪಾಂಡೆ ಮುನ್ನಡೆಸಿದರು. ಇಲಾಖೆಗಳನ್ನು ಹಗುರ ಮಾಡುವ ಚರ್ಚೆಗೆ ಅಲ್ಲಿಂದ ಬಲ ಬಂತು. ಬೇಡವಾದ ಮಂಡಳಿ ಮುಚ್ಚಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ. ಆದರೆ ಇಷ್ಟು ಮಂಡಳಿ ಮುಚ್ಚಿದೆವು, ಇಷ್ಟು ಕೋಟಿ ಉಳಿಯಿತು ಎಂಬ ಲೆಕ್ಕ ನೋಡಿ ಚಪ್ಪಾಳೆ ತಟ್ಟುವ ಮೊದಲು ಮಸೂದೆಯ ಕೊನೆಯ ಪುಟಗಳಿಗೆ ಹೋಗಬೇಕು. ಅಲ್ಲಿ 'ನಿರಸನ ಮತ್ತು ಉಳಿಸುವಿಕೆ' ಅನ್ನುವ ಒಂದು ಪ್ರಕರಣ (ಸೆಕ್ಷನ್) ಇರುತ್ತದೆ. ಮುಚ್ಚಿದ ಮಂಡಳಿಯ ಕೆಲಸ, ಸಾಲ, ಜಮೀನು, ನೌಕರರು, ಕೋರ್ಟ್ ಕೇಸುಗಳು ಯಾರ ಪಾಲಿಗೆ ಹೋದವು ಎಂದು ಹೇಳುವ ಜಾಗ ಅದೇ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಜನರಿಗೆ ಆ ಪುಟ ಬೇರೆಯವರಿಗಿಂತ ಜಾಸ್ತಿ ಮುಖ್ಯ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೇಗೆ ಹುಟ್ಟಿತು ಅನ್ನುವುದೇ ಮೊದಲ ಪ್ರಶ್ನೆ

ಹೊರಗಿನಿಂದ ನೋಡಿದರೆ ಎಲ್ಲ ಮಂಡಳಿಗಳೂ ಒಂದೇ ಥರ. ಒಬ್ಬ ಅಧ್ಯಕ್ಷರು, ಒಬ್ಬ ವ್ಯವಸ್ಥಾಪಕ ನಿರ್ದೇಶಕರು, ಒಂದು ಕಾರು, ಒಂದು ಬೋರ್ಡು. ಕಾನೂನಿನ ಕಣ್ಣಿಗೆ ಮಾತ್ರ ಅವು ಬೇರೆ ಬೇರೆ.

ಬರೀ ಸರ್ಕಾರಿ ಆದೇಶದಿಂದ ಹುಟ್ಟಿದ್ದನ್ನು ಇನ್ನೊಂದು ಆದೇಶದಿಂದ ಮುಚ್ಚಬಹುದು. ದೇಶದ ಯೋಜನಾ ಆಯೋಗವೇ ಹಾಗಿತ್ತು. 1950ರ ಮಾರ್ಚ್‌ನಲ್ಲಿ ಸಂಪುಟದ ಒಂದು ನಿರ್ಣಯದಿಂದ ಬಂತು, 2015ರ ಜನವರಿ 1ರಂದು ಅಂಥದ್ದೇ ನಿರ್ಣಯದಿಂದ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಪಂಚವಾರ್ಷಿಕ ಯೋಜನೆಗಳನ್ನು ರೂಪಿಸಿದ ಸಂಸ್ಥೆ ಹೋಗುವಾಗ ಸಂಸತ್ತಿನಲ್ಲಿ ಒಂದು ಮಸೂದೆಯೂ ಬೇಕಾಗಲಿಲ್ಲ. ನಮ್ಮ ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ ಇನ್ನೊಂದು ಉದಾಹರಣೆ. 2016ರ ಮಾರ್ಚ್‌ನಲ್ಲಿ ಸರ್ಕಾರಿ ಆದೇಶದಿಂದ ಎಸಿಬಿ ಬಂತು. ಲೋಕಾಯುಕ್ತ ಪೊಲೀಸರ ಅಧಿಕಾರ ಅದಕ್ಕೆ ಹೋಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ಲೋಕಾಯುಕ್ತ 1984ರ ಕಾಯ್ದೆಯ ಮೇಲೆ ನಿಂತಿತ್ತು, ಎಸಿಬಿಗೆ ಅಂಥ ನೆಲವೇ ಇರಲಿಲ್ಲ. ಗಣಿ ಅಕ್ರಮದ ಬಗ್ಗೆ 2011ರ ಲೋಕಾಯುಕ್ತ ವರದಿಯ ಬಿಸಿ ಕಂಡ ಬಳ್ಳಾರಿಯವರಿಗೆ ಈ ಎರಡರ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯ್ದೆಯಿಂದ ಹುಟ್ಟಿದ್ದನ್ನು ಕಾಯ್ದೆಯೇ ಮುಚ್ಚಬೇಕು. ಮುನಿರಾಬಾದ್‌ನಲ್ಲಿರುವ ತುಂಗಭದ್ರಾ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, 1980ರ ಕಾಯ್ದೆಯ ಕೂಸು. ನಗರಾಭಿವೃದ್ಧಿ ಪ್ರಾಧಿಕಾರಗಳು 1987ರ ಕಾಯ್ದೆಯಿಂದ ಬಂದವು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ 2002ರ ಕಾಯ್ದೆಯದು. ಇವುಗಳನ್ನು ಮುಚ್ಚಲು ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಒಪ್ಪಬೇಕು, ರಾಜ್ಯಪಾಲರ ಸಹಿ ಬೇಕು. ಮಂತ್ರಿಗಳು ಬರೀ ಒಂದು ಪತ್ರ ಬರೆದು ಮುಚ್ಚಲು ಬರುವುದಿಲ್ಲ.

ಆಮೇಲೆ ಕಂಪನಿಗಳು. ನಾವು ನಿಗಮ ಅನ್ನುವ ಬಹಳಷ್ಟು ಸಂಸ್ಥೆಗಳು ಕಂಪನಿ ಕಾಯ್ದೆ ಅಡಿ ನೋಂದಣಿ ಆದವು. ಕಂಪನಿ ಕಾಯ್ದೆ ಕೇಂದ್ರದ್ದು. ವ್ಯಾಪಾರಿ ಕಂಪನಿಗಳ ಸ್ಥಾಪನೆ, ಮುಚ್ಚುವಿಕೆ ಎಲ್ಲ ಕೇಂದ್ರ ಪಟ್ಟಿಯ ವಿಷಯ. ಹಾಗಾಗಿ ವಿಧಾನಸಭೆಯಲ್ಲಿ ಒಂದು ಮಸೂದೆ ಪಾಸ್ ಮಾಡಿ ಕಂಪನಿಗೆ ಬೀಗ ಹಾಕಲು ಆಗುವುದಿಲ್ಲ. ಲೆಕ್ಕಪತ್ರ ಮುಗಿಸಬೇಕು, ಸಾಲಗಾರರಿಗೆ ಕೊಡಬೇಕು, ನೌಕರರ ಬಾಕಿ ತೀರಿಸಬೇಕು, ಕಂಪನಿ ರಿಜಿಸ್ಟ್ರಾರ್ ಅಥವಾ ನ್ಯಾಯಮಂಡಳಿಯ ಮುಂದೆ ಹೋಗಬೇಕು. ಎಷ್ಟೋ ವರ್ಷದ ಲೆಕ್ಕ ಪರಿಶೋಧನೆಯೇ ಬಾಕಿ ಇದ್ದರೆ ಇದ್ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಕೆಲಸ ನಿಲ್ಲಿಸಿದ ಸರ್ಕಾರಿ ಕಂಪನಿಗಳು ವರ್ಷಾನುಗಟ್ಟಲೆ ಕಾಗದದ ಮೇಲೆ ಉಳಿಯುವುದಕ್ಕೆ ಇದೇ ಕಾರಣ.

ನಮ್ಮ ಭಾಗದಲ್ಲಿ ಇನ್ನೊಂದು ಬಗೆಯೂ ಇದೆ. ತುಂಗಭದ್ರಾ ಮಂಡಳಿ. ಬಳ್ಳಾರಿಯನ್ನು ಮದ್ರಾಸ್‌ನಿಂದ ಬಿಡಿಸಿ ಮೈಸೂರಿಗೆ ಸೇರಿಸಿದ ಅದೇ 1953ರ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲೇ ಈ ಮಂಡಳಿಯೂ ಹುಟ್ಟಿತು. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಪ್ರತಿನಿಧಿಗಳು ಅದರಲ್ಲಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಮಂಡಳಿಯ ಮೇಲೆ ಸಿಟ್ಟು ಬಂದವರು ಬಹಳ. ಮಂಡಳಿಯೇ ಬೇಡ ಅನ್ನುವ ಮಾತು ಆಗಾಗ ಕೇಳುತ್ತದೆ. ಆದರೆ ಬೆಂಗಳೂರಿನ ಯಾವ ಮಸೂದೆಯೂ ಅದನ್ನು ಮುಟ್ಟಲು ಆಗುವುದಿಲ್ಲ. ಮುಟ್ಟಬಾರದು ಕೂಡ. ನೀರು ಹಂಚುವ ಮೂರು ರಾಜ್ಯಗಳ ನಡುವೆ ಇರುವ ಒಂದೇ ಮೇಜು ಅದು.

ಕೆಲಸ ಇಲ್ಲದಿದ್ದರೂ ಯಾಕೆ ಉಳಿಯುತ್ತವೆ?

ಇದಕ್ಕೆ ಸಂವಿಧಾನದಲ್ಲೇ ಒಂದು ಸುಳಿವು ಇದೆ. 2003ರ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇ 15 ದಾಟಬಾರದು. ನಮ್ಮದು 224 ಸ್ಥಾನ. ಮುಖ್ಯಮಂತ್ರಿ ಸೇರಿ 34 ಜನ, ಅಷ್ಟೇ. ಬಹುಮತ ಬೇಕೆಂದರೆ 113 ಶಾಸಕರು ಬೇಕು. ಉಳಿದವರನ್ನು ಸಮಾಧಾನ ಮಾಡುವುದು ಹೇಗೆ? ಆ ಜಾಗ ತುಂಬಿದ್ದು ನಿಗಮ ಮಂಡಳಿ. 2024ರ ಜನವರಿಯಲ್ಲಿ ಒಂದೇ ಪಟ್ಟಿಯಲ್ಲಿ 30ಕ್ಕೂ ಹೆಚ್ಚು ಶಾಸಕರು ಅಧ್ಯಕ್ಷರಾದರು. ಇದು ಒಂದು ಪಕ್ಷದ ಚಾಳಿ ಅಲ್ಲ. ಯಾವ ಸರ್ಕಾರ ಬಂದರೂ ಇದೇ ದಾರಿ.

ಇಲ್ಲಿ ಒಂದು ತೊಡಕು ಇದೆ. ಶಾಸಕರು ಲಾಭದಾಯಕ ಹುದ್ದೆ ಹಿಡಿದರೆ ಸಂವಿಧಾನದ 191ನೇ ವಿಧಿ ಪ್ರಕಾರ ಸದಸ್ಯತ್ವವೇ ಹೋಗಬಹುದು. ಅದಕ್ಕೆ 1956ರ ಒಂದು ರಾಜ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಯಾವ ಯಾವ ಹುದ್ದೆಗೆ ಅನರ್ಹತೆ ಇಲ್ಲ ಎಂಬ ಪಟ್ಟಿ ಅದರಲ್ಲಿದೆ. ಕಾಲಕಾಲಕ್ಕೆ ಅದಕ್ಕೆ ತಿದ್ದುಪಡಿಯೂ ಆಗುತ್ತದೆ. ಮಂಡಳಿ ಮುಚ್ಚುವ ಬಗ್ಗೆ ಸರ್ಕಾರದ ಮನಸ್ಸು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಈ ಪಟ್ಟಿಯನ್ನು ನೋಡಬೇಕು. ಒಂದು ಕಡೆ ಮಂಡಳಿ ಮುಚ್ಚುವ ಮಾತಾಡುತ್ತಾ, ಇನ್ನೊಂದು ಕಡೆ ವಿನಾಯಿತಿ ಪಟ್ಟಿ ಉದ್ದ ಮಾಡುತ್ತಿದ್ದರೆ ಆ ಸುಧಾರಣೆಯನ್ನು ನಂಬುವುದು ಕಷ್ಟ.

ಎರಡನೇ ಕಾರಣ ದುಡ್ಡು. ಇಲಾಖೆಯ ಹಣ ಖಜಾನೆಯಲ್ಲಿ ಇರುತ್ತದೆ. ನಿಗಮದ ಹಣ ಬ್ಯಾಂಕ್ ಖಾತೆಯಲ್ಲಿ ಇರುತ್ತದೆ. ವರ್ಷ ಮುಗಿಯುವ ಹೊತ್ತಿಗೆ ಖರ್ಚಾಗದ ಅನುದಾನವನ್ನು ನಿಗಮದ ಖಾತೆಗೆ ಹಾಕಿದರೆ ಲೆಕ್ಕದಲ್ಲಿ ಅದು ಖರ್ಚು ಅಂತ ತೋರುತ್ತದೆ. ಫಲಾನುಭವಿಗೆ ಒಂದು ರೂಪಾಯಿಯೂ ಮುಟ್ಟಿರುವುದಿಲ್ಲ. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಲ್ಲಿ ಒಬ್ಬ ಅಧಿಕಾರಿ ಜೀವ ಕಳೆದುಕೊಂಡ ಮೇಲೆ 187 ಕೋಟಿ ರೂಪಾಯಿ ಅಕ್ರಮ ವರ್ಗಾವಣೆಯ ಆರೋಪ ಹೊರಬಂತು. ಆಗಿನ ಸಚಿವರು ರಾಜೀನಾಮೆ ಕೊಟ್ಟರು. ತಪ್ಪು ಯಾರದು ಎಂದು ಹೇಳಬೇಕಾದ್ದು ಕೋರ್ಟ್. ಆದರೆ ಪರಿಶಿಷ್ಟ ಪಂಗಡದ ಜನ ಇಷ್ಟೊಂದು ಇರುವ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಆ ದುಡ್ಡು ಎಷ್ಟು ಬೋರ್‌ವೆಲ್ ಆಗಬಹುದಿತ್ತು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹಿಂದೆ ಮುಚ್ಚಿದ್ದರ ಕಥೆ

ನಮ್ಮ ರಾಜ್ಯಕ್ಕೆ ರದ್ದತಿ ಹೊಸದಲ್ಲ. ಎಲ್ಲಕ್ಕಿಂತ ದೊಡ್ಡದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ರಾಯಚೂರು, ಕೊಪ್ಪಳದ ಕಡೆ ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ. ಬಳ್ಳಾರಿ ಕಡೆ ಕರಣಂ. ಇವೆಲ್ಲ ಈಗ ಬರೀ ಅಡ್ಡಹೆಸರು. ಒಂದು ಕಾಲಕ್ಕೆ ವಂಶದಿಂದ ಬರುತ್ತಿದ್ದ ಹುದ್ದೆಗಳು. 1963ರ ಫೆಬ್ರುವರಿ 1ರಿಂದ ಅವು ಹೋದವು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಊರಿನ ಆಡಳಿತ ಕೆಲವೇ ಮನೆಗಳ ಕೈಯಿಂದ ಬಿಡಿಸಿಕೊಂಡಿದ್ದು ದೊಡ್ಡ ಹೆಜ್ಜೆ. ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಆದರೆ ಹುದ್ದೆಯ ಜೊತೆ ಇನಾಂ ಜಮೀನು ಇತ್ತು. ಪಾಟೀಲರಿಗೆ ಮಾತ್ರ ಅಲ್ಲ, ತಳವಾರರಿಗೆ, ನೀರಗಂಟಿಗಳಿಗೆ ಕೂಡ. ಹುದ್ದೆ ಹೋದ ಮೇಲೆ ಜಮೀನು ಸರ್ಕಾರಕ್ಕೆ ಬಂದು, ಹುದ್ದೆ ಹಿಡಿದಿದ್ದವರಿಗೇ ಮರುಮಂಜೂರು ಆಗಬೇಕಿತ್ತು. ಆ ಕೆಲಸ ನಿಧಾನವಾಯಿತು. ಮರುಮಂಜೂರಾತಿ ಆಗುವ ಮೊದಲೇ ಎಷ್ಟೋ ಜಮೀನು ಕೈ ಬದಲಾಯಿತು. 1978ರಲ್ಲಿ ತಿದ್ದುಪಡಿ ತಂದು ಮಾರಾಟಕ್ಕೆ 15 ವರ್ಷದ ತಡೆ ಹಾಕಿದರು. ಅಷ್ಟರಲ್ಲಿ ಕೊಂಡವರು, ಮಾರಿದವರು, ಅಣ್ಣತಮ್ಮಂದಿರು ಎಲ್ಲ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಆ ಕಾಯ್ದೆಯ ಕೇಸುಗಳು 60 ವರ್ಷ ಆದರೂ ಹೈಕೋರ್ಟ್‌ಗೆ ಬರುತ್ತಲೇ ಇವೆ. ಹುದ್ದೆ ಒಂದು ದಿನದಲ್ಲಿ ಹೋಯಿತು. ಜಮೀನಿನ ಪ್ರಶ್ನೆ ಮೂರು ತಲೆಮಾರು ತಿಂದಿತು.

ಭೂಸುಧಾರಣೆಯಲ್ಲೂ ಹೀಗೇ ಆಯಿತು. ಗೇಣಿದಾರರ ಅರ್ಜಿ ತೀರ್ಮಾನಿಸಲು ಭೂನ್ಯಾಯ ಮಂಡಳಿಗಳು ಇದ್ದವು. ಅವುಗಳ ತೀರ್ಪಿನ ಮೇಲೆ ಮೇಲ್ಮನವಿಗೆ 1986ರಲ್ಲಿ ಒಂದು ಪ್ರಾಧಿಕಾರ ಮಾಡಿದರು. 1990ರಲ್ಲಿ ಅದನ್ನೇ ರದ್ದು ಮಾಡಿದರು. ನಾಲ್ಕೇ ವರ್ಷ. ಅರ್ಧಕ್ಕೆ ನಿಂತ ಪ್ರಕರಣಗಳು ಹೈಕೋರ್ಟ್‌ಗೆ ಹೋದವು. ಮಸ್ಕಿಯಲ್ಲೋ ಕುಷ್ಟಗಿಯಲ್ಲೋ ಎರಡು ಎಕರೆ ಗೇಣಿ ಮಾಡುತ್ತಿದ್ದವರಿಗೆ ಆಗ ಹೈಕೋರ್ಟ್ ಅಂದರೆ ಬೆಂಗಳೂರು. ಕಲಬುರಗಿಯಲ್ಲಿ, ಧಾರವಾಡದಲ್ಲಿ ಪೀಠ ಶುರುವಾಗಿದ್ದು 2008ರಲ್ಲಿ. ಮೇಲ್ಮನವಿ ಪ್ರಾಧಿಕಾರ ಬೇಡವಾಗಿದ್ದಕ್ಕೆ ಕಾರಣ ಇದ್ದಿರಬಹುದು. ಆದರೆ ರದ್ದು ಮಾಡಿದವರ ಲೆಕ್ಕದಲ್ಲಿ ಆ ಬಸ್ ಚಾರ್ಜು, ಆ ವಕೀಲರ ಫೀಸು ಇರಲಿಲ್ಲ.

ಚೆನ್ನಾಗಿ ನಡೆದ ರದ್ದತಿಯೂ ಇದೆ. ತಡವಾಯಿತು, ಅಷ್ಟೇ. ನಮ್ಮ ಮೂರು ಜಿಲ್ಲೆಗಳು ಎರಡು ರಾಜ್ಯಗಳಿಂದ ಬಂದವು. ಬಳ್ಳಾರಿ 1953ರವರೆಗೆ ಮದ್ರಾಸ್. ರಾಯಚೂರು, ಆಗ ಅದರೊಳಗೇ ಇದ್ದ ಕೊಪ್ಪಳ, 1956ರವರೆಗೆ ಹೈದರಾಬಾದ್. ರಾಜ್ಯ ಒಂದಾದರೂ ಕಾನೂನು ಒಂದಾಗಲಿಲ್ಲ. ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆಯೇ ಹಳೆಯ ಕಾನೂನುಗಳು ಆಯಾ ಪ್ರದೇಶದಲ್ಲಿ ಮುಂದುವರಿಯಲಿ ಎಂದು ಬಿಟ್ಟಿತ್ತು. ಹೊಳೆಯ ಆ ದಂಡೆಯ ದೇವಸ್ಥಾನಕ್ಕೆ 1951ರ ಮದ್ರಾಸ್ ದತ್ತಿ ಕಾಯ್ದೆ, ಈ ದಂಡೆಯದಕ್ಕೆ ನಿಜಾಮರ ಕಾಲದ ದತ್ತಿ ನಿಯಮ. ಎಲ್ಲವನ್ನೂ ಸೇರಿಸಿ ಒಂದೇ ಕಾಯ್ದೆ ಮಾಡಿದ್ದು 1997ರಲ್ಲಿ, ಜಾರಿಗೆ ಬಂದಿದ್ದು 2003ರ ಮೇ 1ರಿಂದ. ಅಂದರೆ ಏಕೀಕರಣ ಆಗಿ 46 ವರ್ಷದ ಮೇಲೆ. ಆ ಕಾಯ್ದೆಯ ಮೇಲೂ ಆಮೇಲೆ ಕೋರ್ಟ್‌ನಲ್ಲಿ ಜಗಳ ನಡೆಯಿತು, ಅದು ಬೇರೆ ವಿಷಯ. ಹಳೆಯ ಕಾನೂನುಗಳನ್ನು ಹೆಸರು ಹಿಡಿದು ರದ್ದು ಮಾಡಿ, ಅವುಗಳ ಅಡಿ ಆದ ಆದೇಶಗಳು ಏನಾಗಬೇಕು ಎಂದು ಬರೆದಿದ್ದರಿಂದ ದೇವಸ್ಥಾನಗಳ ದಿನನಿತ್ಯದ ಕೆಲಸ ನಿಲ್ಲಲಿಲ್ಲ.

ಕಾಲುವೆಯ ದಾರಿಯಲ್ಲಿ

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರುವುದು ನೀರಿನ ಕಚೇರಿಗಳ ಬಗ್ಗೆ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರಿನವರೆಗೆ. ಸಿರವಾರ ಕಡೆಯ ಕೊನೆ ಭಾಗದ ರೈತರಿಗೆ ನೀರು ಬರಲಿಲ್ಲ ಅನ್ನಿ. ಯಾರನ್ನು ಕೇಳಬೇಕು? ಅಣೆಕಟ್ಟು ತುಂಗಭದ್ರಾ ಮಂಡಳಿಯದು. ಎಡದಂಡೆ ಕಾಲುವೆ ಕರ್ನಾಟಕ ನೀರಾವರಿ ನಿಗಮದ್ದು. ಎಷ್ಟು ದಿನ ನೀರು ಬಿಡಬೇಕು ಎಂದು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ, ಎಲ್ಲರ ಬಾಯಲ್ಲಿ ಐಸಿಸಿ. ಹೊಲಗಾಲುವೆ ಕಾಡಾದ್ದು. ತೂಬಿನ ಕೆಳಗಿನ ಹಂಚಿಕೆ ನೀರು ಬಳಕೆದಾರರ ಸಹಕಾರ ಸಂಘದ್ದು. ಸಿಂಧನೂರಿನ ಹತ್ತಿರ 69ನೇ ಮೈಲಿನಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಬಿದ್ದರೆ ಇಷ್ಟೂ ಜನರ ಬಾಗಿಲು ತಟ್ಟಬೇಕು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವ ಹೊತ್ತಿಗೆ ಭತ್ತ ಒಣಗಿರುತ್ತದೆ.

ಈ ಪಟ್ಟಿ ನೋಡಿದವರಿಗೆ ಮೊದಲು ಅನ್ನಿಸುವುದು, ಕಾಡಾ ಯಾಕೆ ಬೇಕು ಅಂತ. 1980ರ ಹೊತ್ತಿಗೆ ಅದು ಬೇಕಾಗಿತ್ತು. ಮುಖ್ಯ ಕಾಲುವೆ ತೋಡಿ ಮುಗಿದಿತ್ತು, ಹೊಲದವರೆಗೆ ನೀರು ಒಯ್ಯುವ ಸಣ್ಣ ಕಾಲುವೆ ಇರಲಿಲ್ಲ, ಭೂಮಿ ಸಮ ಇರಲಿಲ್ಲ. ಈಗ ಅಧ್ಯಕ್ಷ ಹುದ್ದೆಗೆ ರಾಜಕೀಯ ನೇಮಕ ಆಗುತ್ತದೆ. ಮುಚ್ಚುವ ಪಟ್ಟಿ ಬೆಂಗಳೂರಿನಲ್ಲಿ ತಯಾರಾದರೆ ಇಂಥ ಹೆಸರೇ ಮೊದಲು ಕಣ್ಣಿಗೆ ಬೀಳುತ್ತದೆ. ನೀರಾವರಿ ನಿಗಮ ಇದೆಯಲ್ಲ, ಇದನ್ನೂ ಅದರೊಳಗೆ ಹಾಕಿ ಅನ್ನುವುದು ಸುಲಭ.

ಆದರೆ ಕಾಡಾದ ಕೆಲಸದಲ್ಲಿ ಬೇರೆ ಯಾರೂ ಇಷ್ಟಪಟ್ಟು ಮಾಡದ ಒಂದು ಭಾಗ ಇದೆ. ಸವಳು ಜವಳು ಭೂಮಿ. ದಶಕಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಸಾಕಷ್ಟು ಜಮೀನು ಉಪ್ಪಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ನೆಲದೊಳಗೆ ಬಸಿಗಾಲುವೆ ಹಾಕಿದರೆ ಭೂಮಿ ಮತ್ತೆ ಬೆಳೆ ಕೊಡುತ್ತದೆ ಎಂಬುದು ಗೊತ್ತಿರುವ ವಿಷಯ. ಅದಕ್ಕೆ ದುಡ್ಡು ಬೇಕು, ಹಟ ಬೇಕು, ಹೊಲದಲ್ಲಿ ರೈತರ ಜೊತೆ ನಿಲ್ಲುವ ಎಂಜಿನಿಯರ್ ಬೇಕು. ನೀರಾವರಿ ನಿಗಮದ ಮನಸ್ಸು ಇರುವುದು ದೊಡ್ಡ ಕಾಲುವೆ, ದೊಡ್ಡ ಟೆಂಡರ್ ಮೇಲೆ. ಅಲ್ಲಿ ಸೇರಿಸಿದ ಮರುದಿನ ಸವಳು ಭೂಮಿಯ ಕಡತ ಬೀರುವಿನ ತಳ ಸೇರುತ್ತದೆ ಎಂಬ ಹೆದರಿಕೆ ನನ್ನದು. ಅಧ್ಯಕ್ಷ ಹುದ್ದೆ ಹೋದರೆ ನಾನು ಒಂದು ಮಾತೂ ಆಡುವುದಿಲ್ಲ. ಆ ಕೆಲಸಕ್ಕೆ ಹೆಸರು ಹಿಡಿದು ಒಬ್ಬ ಅಧಿಕಾರಿ, ಪ್ರತ್ಯೇಕ ಹಣದ ತಲೆಬರಹ, ಎರಡೂ ಮಸೂದೆಯಲ್ಲೇ ಇರಬೇಕು.

ಒಂದೇ ಯೋಜನೆ, ಹತ್ತು ಬಾಗಿಲು

ಸೇರಿಸಲೇಬೇಕಾದ ಕಚೇರಿಗಳೂ ಇವೆ. ಗಂಗಾ ಕಲ್ಯಾಣ ಯೋಜನೆಯನ್ನೇ ತೆಗೆದುಕೊಳ್ಳಿ. ಬೋರ್‌ವೆಲ್ ಕೊರೆಯುವುದು, ಮೋಟರ್ ಕೊಡುವುದು, ಕರೆಂಟ್ ಜೋಡಿಸುವುದು. ಅಂಬೇಡ್ಕರ್ ನಿಗಮ, ವಾಲ್ಮೀಕಿ ನಿಗಮ, ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮ, ಹೀಗೆ ಒಂದೊಂದು ಸಮುದಾಯಕ್ಕೆ ಒಂದೊಂದು ನಿಗಮ ಇದೇ ಕೆಲಸ ಮಾಡುತ್ತದೆ. ಪ್ರತಿಯೊಂದಕ್ಕೂ ಜಿಲ್ಲಾ ವ್ಯವಸ್ಥಾಪಕರು, ಪ್ರತ್ಯೇಕ ಟೆಂಡರ್, ಪ್ರತ್ಯೇಕ ಆಡಿಟ್. ಬೋರ್ ಕೊರೆದು ವರ್ಷ ಕಳೆದರೂ ಕರೆಂಟ್ ಬಂದಿಲ್ಲ ಅನ್ನುವ ದೂರು ಎಲ್ಲ ಕಡೆ ಒಂದೇ.

ಜಿಲ್ಲೆಯಲ್ಲಿ ಈ ಕಚೇರಿಗಳು ಒಂದಾದರೆ ರೈತರಿಗೆ ನಷ್ಟ ಇಲ್ಲ, ಲಾಭವೇ. ಆದರೆ ಕಚೇರಿ ಸೇರಿಸುವುದು ಬೇರೆ, ಹಣ ಸೇರಿಸುವುದು ಬೇರೆ. ಪರಿಶಿಷ್ಟರ ಪಾಲಿನ ಹಣ ಅವರಿಗೇ ಖರ್ಚಾಗಬೇಕು ಎಂದು 2013ರಲ್ಲಿ ರಾಜ್ಯ ಕಾಯ್ದೆಯನ್ನೇ ಮಾಡಿದೆ. ನಿಗಮಗಳು ಒಂದಾಗಿ, ಖಾತೆಯೂ ಒಂದಾಗಿಬಿಟ್ಟರೆ ಆ ಕಾಯ್ದೆಯ ಕಾವಲು ಸಡಿಲವಾಗುತ್ತದೆ. ಖಾತೆ ಬೇರೆ ಇರಲಿ, ಬಾಗಿಲು ಒಂದಿರಲಿ.

ಮಾಜಿ ದೇವದಾಸಿಯರ ಪುನರ್ವಸತಿ ಯೋಜನೆ ಇನ್ನೂ ನಾಜೂಕಾದದ್ದು. ಅದನ್ನು ನೋಡಿಕೊಳ್ಳುವುದು ಮಹಿಳಾ ಅಭಿವೃದ್ಧಿ ನಿಗಮ. ಕಾಗದದ ಮೇಲೆ ನೋಡಿದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇರುವಾಗ ಈ ನಿಗಮ ಜಾಸ್ತಿ ಅನ್ನಿಸಬಹುದು. ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಈ ಯೋಜನೆಗೇ ಅಂತ ಕಚೇರಿ ಇದೆ. ಯಾರ ಹೆಸರು 1993-94ರ ಸಮೀಕ್ಷೆಯಲ್ಲಿತ್ತು, ಯಾರದು 2007-08ರದ್ದರಲ್ಲಿ ಸೇರಿತು, ಯಾರದು ಬಿಟ್ಟುಹೋಯಿತು ಎಂಬುದು ಆ ಮೇಜುಗಳಲ್ಲಿ ಕೂತವರಿಗೆ ಗೊತ್ತು. ತಿಂಗಳ ಪಿಂಚಣಿ ನಿಂತರೆ ಆ ಹೆಣ್ಣುಮಕ್ಕಳು ಹೋಗುವುದು ಅಲ್ಲಿಗೇ. ಅವರನ್ನು ಸಾಮಾನ್ಯ ಕೌಂಟರ್‌ನ ಸಾಲಿಗೆ ನಿಲ್ಲಿಸಬಾರದು. ತಮ್ಮ ಕಥೆಯನ್ನು ಹೊಸ ಗುಮಾಸ್ತರ ಮುಂದೆ, ನಾಲ್ಕು ಜನರ ಎದುರು ಮತ್ತೆ ಮೊದಲಿಂದ ಹೇಳು ಅನ್ನುವುದು ಕ್ರೂರ.

ಇನ್ನು ನೌಕರರು. ಹುದ್ದೆಯನ್ನೇ ತೆಗೆಯುವ ಅಧಿಕಾರ ಸರ್ಕಾರಕ್ಕೆ ಇದೆ, ಅದು ಶಿಕ್ಷೆ ಅಲ್ಲ ಎಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು ಮಾತೃ ಇಲಾಖೆಗೆ ವಾಪಸ್ ಹೋಗುತ್ತಾರೆ. ಕಾಯಂ ನೌಕರರ ಬಗ್ಗೆ ಮಸೂದೆಯಲ್ಲಿ ಒಂದು ಸಾಲು ಬರುತ್ತದೆ. ಹೊರಗುತ್ತಿಗೆಯ ಡೇಟಾ ಎಂಟ್ರಿಯವರು, ಡ್ರೈವರ್, ಅಟೆಂಡರ್ ಬಗ್ಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಹದಿನೈದು ವರ್ಷ ದುಡಿದವರಿಗೂ ಅಷ್ಟೇ.

ಕೊನೆ ದಿನಾಂಕ ಮೊದಲೇ ಬರೆದರೆ

ಅಮೆರಿಕದ ಟೆಕ್ಸಾಸ್ ರಾಜ್ಯ 1977ರಲ್ಲಿ ಒಂದು ಕಾನೂನು ಮಾಡಿತು. ಬಹುತೇಕ ಸರ್ಕಾರಿ ಸಂಸ್ಥೆಗಳಿಗೆ ಕೊನೆ ದಿನಾಂಕ ಹಾಕಿದರು, ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. ಅಷ್ಟರೊಳಗೆ ಒಂದು ಆಯೋಗ ಸಂಸ್ಥೆಯ ಕೆಲಸ ಪರಿಶೀಲಿಸುತ್ತದೆ. ಆಯೋಗದ 12 ಸದಸ್ಯರಲ್ಲಿ 10 ಜನ ಎರಡೂ ಸದನದ ಶಾಸಕರು, ಇಬ್ಬರು ಸಾರ್ವಜನಿಕರು. ಬಹಿರಂಗ ವಿಚಾರಣೆ ನಡೆಯುತ್ತದೆ. ಶಾಸನಸಭೆ ಮತ್ತೆ ಕಾನೂನು ಮಾಡಿ ಮುಂದುವರಿಸದಿದ್ದರೆ ಸಂಸ್ಥೆ ತಾನಾಗಿಯೇ ಮುಚ್ಚಬೇಕು, ಕೆಲಸ ಸುತ್ತಿಡಲು ಸಮಯವೂ ಸಿಗುತ್ತದೆ. ನಮ್ಮಲ್ಲಿ ಮುಚ್ಚಲು ಯಾರಾದರೂ ಧೈರ್ಯ ಮಾಡಬೇಕು. ಅಲ್ಲಿ ಉಳಿಸಲು ಯಾರಾದರೂ ಕಾರಣ ಹೇಳಬೇಕು. ಎಷ್ಟು ವ್ಯತ್ಯಾಸ ಆಗುತ್ತದೆ ಅಲ್ವಾ?

ಅದನ್ನು ಹಾಗೇ ಎತ್ತಿ ತಂದು ಇಡಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ವಿಧಾನಮಂಡಲದಲ್ಲಿ ಸಾರ್ವಜನಿಕ ಉದ್ಯಮಗಳ ಸಮಿತಿ ಈಗಾಗಲೇ ಇದೆ. ನಿಗಮಗಳ ಲೆಕ್ಕ ನೋಡುವ ಕೆಲಸ ಅದರದ್ದೇ. ಹೊಸ ಮಂಡಳಿಯ ಪ್ರತಿ ಕಾಯ್ದೆಯಲ್ಲೂ ಹತ್ತು ವರ್ಷದ ಕೊನೆ ದಿನಾಂಕ ಬರೆದು, ಮುಂದುವರಿಸುವ ಶಿಫಾರಸು ಈ ಸಮಿತಿಯಿಂದ ಬರಬೇಕು ಎಂದರೆ ಸಾಕು. ವಿಚಾರಣೆ ಬೆಂಗಳೂರಿನಲ್ಲಿ ಮಾತ್ರ ಅಲ್ಲ, ಮಂಡಳಿ ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿ ಕೂಡ ನಡೆಯಬೇಕು. ಹಂಪಿ ಪ್ರಾಧಿಕಾರದ ಬಗ್ಗೆ ಆನೆಗೊಂದಿಯವರನ್ನು ಕೇಳದೆ ನಿರ್ಧಾರ ಮಾಡುವುದು ಸರಿಯಲ್ಲ. ಅವರಲ್ಲಿ ಕೆಲವರಿಗೆ ಆ ಪ್ರಾಧಿಕಾರ ಕಿರಿಕಿರಿ, ಮನೆ ಕಟ್ಟಲು ಅನುಮತಿಗೆ ಅಲೆಯಬೇಕು. ಆದರೂ ಎರಡು ಜಿಲ್ಲೆಯಲ್ಲಿ ಹರಡಿರುವ ಒಂದು ಪಾರಂಪರಿಕ ತಾಣಕ್ಕೆ ಒಂದೇ ಪ್ರಾಧಿಕಾರ ಬೇಕು ಅನ್ನುವುದು ನನ್ನ ಮಾತು. ಹೊಳೆ ಜಿಲ್ಲೆಯ ಗಡಿ, ಹಂಪಿಗೆ ಗಡಿ ಅಲ್ಲ.

ವಾರ್ಷಿಕ ವರದಿಯ ವಿಷಯದಲ್ಲಿ ನಮ್ಮ ಭಾಗದ್ದೇ ಒಂದು ಮಾದರಿ ಇದೆ. ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 1991ರ ರಾಜ್ಯ ಕಾಯ್ದೆಯಿಂದ ಬಂದಿತ್ತು. ಕೈಯಲ್ಲಿ ಹಣ ಕಡಿಮೆ, ಅಧಿಕಾರವೂ ಕಡಿಮೆ. 2002ರ ನಂಜುಂಡಪ್ಪ ವರದಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಒಂದು ದಶಕ ಕೆಲಸ ಮಾಡಿದ ಮಂಡಳಿಗೆ ಅದಕ್ಕಿಂತ ಕಠಿಣ ಅಂಕಪಟ್ಟಿ ಬೇಕಿರಲಿಲ್ಲ. ದೊಡ್ಡ ಹೋರಾಟದ ಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು, 2013ರಲ್ಲಿ ಹೊಸ ಮಂಡಳಿ ಬಂತು. ಈಗಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದೇ. ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ. ಹಳೆಯದನ್ನು ಬದಲಿಸಿ ಅದಕ್ಕಿಂತ ಗಟ್ಟಿಯಾದದ್ದನ್ನು ಪಡೆದ ಉದಾಹರಣೆ ಇದು. ಈ ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡುವ ವ್ಯವಸ್ಥೆ ಇರಬೇಕು ಎಂದು 371ಜೆ ವಿಧಿಯೇ ಹೇಳುತ್ತದೆ. ಇಂಥ ಷರತ್ತು ರಾಜ್ಯದ ಎಲ್ಲ ನಿಗಮ ಮಂಡಳಿಗೂ ಬೇಕು. ಮೂರು ವರ್ಷ ವರದಿ ಇಡದ ಮಂಡಳಿಯ ಹೆಸರು ತಾನಾಗಿಯೇ ಮುಚ್ಚುವ ಪಟ್ಟಿಗೆ ಬರಲಿ. ಆಗ ಯಾವುದು ಬೇಡ, ಯಾವುದು ಬೇಕು ಎಂಬ ಚರ್ಚೆ ಅಧ್ಯಕ್ಷರ ಹೆಸರಿನ ಸುತ್ತ ಸುತ್ತುವುದು ನಿಲ್ಲುತ್ತದೆ.

ಮುಂದಿನ ಅಧಿವೇಶನದಲ್ಲೋ ಅದರ ಮುಂದಿನದರಲ್ಲೋ ಇಂಥ ಮಸೂದೆ ಬಂದರೆ, ಈ ಮೂರು ಜಿಲ್ಲೆಯ ಶಾಸಕರು ಸದನದಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ಮುಚ್ಚುವ ಮಂಡಳಿಯ ಬ್ಯಾಂಕ್ ಖಾತೆಯಲ್ಲಿ ಈಗ ಎಷ್ಟಿದೆ, ಅದು ಯಾವ ತಾರೀಖಿನೊಳಗೆ ಖಜಾನೆಗೆ ಬರುತ್ತದೆ? ಜಮೀನು, ಕಟ್ಟಡ ಜಿಲ್ಲೆಯಲ್ಲೇ ಉಳಿಯುತ್ತದೆಯೋ, ಹರಾಜಿಗೆ ಹೋಗುತ್ತದೆಯೋ? ಪಿಂಚಣಿ ಹೊಣೆ ಯಾರದು, ಎಷ್ಟು ವರ್ಷ? ಬಾಕಿ ಅರ್ಜಿಗಳು ಯಾವ ಊರಿನ ಯಾವ ಕಚೇರಿಗೆ ಹೋಗುತ್ತವೆ? ಮುನಿರಾಬಾದ್‌ನ ಕಾಡಾ ಪಟ್ಟಿಯಲ್ಲಿ ಇದ್ದರೆ ಇನ್ನೂ ಒಂದು ಸೇರಿಸಬೇಕು: ಸವಳು ಭೂಮಿಯ ಬಸಿಗಾಲುವೆ ಕೆಲಸಕ್ಕೆ ಮುಂದಿನ ಬಜೆಟ್‌ನಲ್ಲಿ ಯಾವ ಲೆಕ್ಕ ಶೀರ್ಷಿಕೆ ಅಡಿ ಎಷ್ಟು ಹಣ ಇಟ್ಟಿದ್ದೀರಿ, ಸಹಿ ಹಾಕುವ ಅಧಿಕಾರಿ ಕೂರುವುದು ಮುನಿರಾಬಾದ್‌ನಲ್ಲೋ, ಬೆಂಗಳೂರಿನಲ್ಲೋ?